ಚಳಿಗೆ ಅಮ್ಮನ ಕಾಲು ಬಿರಿದು ರಕ್ತ ಜಿನುಗ್ತಿದೆ, ದಿನಾ ಲೋಷನ್ ಹಚ್ಚಿದರೂ ನಿಲ್ತಿಲ್ಲ

ಇಬ್ಬನಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 71 ವರ್ಷ. ಚಳಿ ಶುರುವಾಗಿ ಇನ್ನೂ ಮೂರು ವಾರ, ಅಷ್ಟರಲ್ಲೇ ಮೊಣಕಾಲಿನ ಕೆಳಗೆ ಎರಡೂ ಕಾಲಿನ ಮುಂಭಾಗ ಬತ್ತಿದ ಕೆರೆಯಂಗಳದ ಹಾಗೆ ಬಿರಿದಿದೆ. ಗೀರುಗಳ ಅಂಚು ಕೆಂಪು, ನಡುವೆಯೆಲ್ಲ ಹೊಟ್ಟು. ಕಾಲುಚೀಲ ಬಿಚ್ಚಿ ಕೊಡವಿದರೆ ಬಿಳಿ ಪುಡಿ ಉದುರುತ್ತೆ. ರಾತ್ರಿ ಹೊದ್ದು ಮಲಗಿದ ಮೇಲೆ ನವೆ ಶುರು. ನಿದ್ದೆಗಣ್ಣಲ್ಲೇ ಕೆರೆದುಕೊಳ್ತಾರೆ. ಬೆಳಿಗ್ಗೆ ಹಾಸಿಗೆ ಮೇಲೆ ರಕ್ತದ ಚುಕ್ಕೆ ನೋಡಿದರೆ ಕರುಳು ಚುರ್ ಅನ್ನುತ್ತೆ.

ರಾತ್ರಿ ಮಲಗುವ ಮುಂಚೆ ತಪ್ಪದೆ ಲೋಷನ್ ಹಚ್ತಿದ್ದೀನಿ. ಹಚ್ಚಿ ಅರ್ಧ ಗಂಟೆಗೆ ಮತ್ತೆ ಮೊದಲಿನ ಹಾಗೇ. ಮೊದಲು ಹಚ್ಚಿದ್ದು ಸರಿಯಿಲ್ಲ ಅಂತ ಬೇರೆ ಕಂಪನಿದು ತಂದೆ, ಅದೂ ಅಷ್ಟೇ. ಯಾವ ಕ್ರೀಮ್ ಒಳ್ಳೇದು ಅಂತ ಅನುಭವ ಇರುವವರು ಹೇಳಿ.

ರಾತ್ರಿಪಾಳಿ

ನೀರು ಕಡಿಮೆ ಕುಡೀತಿರಬೇಕು ನೋಡಿ. ಚಳಿಗಾಲದಲ್ಲಿ ಬಾಯಾರಿಕೆ ಆಗಲ್ಲ, ನಾವೂ ಮರೆತುಬಿಡ್ತೀವಿ. ದಿನಕ್ಕೆ ನಾಲ್ಕು ಲೀಟರ್ ಕುಡಿಸಿ, ಚರ್ಮ ತಾನಾಗೇ ಸರಿಹೋಗುತ್ತೆ.

ಮುಲಾಮುಪೆಟ್ಟಿಗೆ

ಇಬ್ಬನಿ ಅವರೇ, ನಾನು ಚರ್ಮರೋಗ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು. ಕ್ರೀಮಿನ ಹೆಸರು ಹೇಳುವ ಮುಂಚೆ ನಾಲ್ಕು ವಿಷಯ ಕೇಳಬೇಕು. ಅಮ್ಮ ಸ್ನಾನ ಮಾಡೋದು ಯಾವಾಗ, ಎಷ್ಟು ಹೊತ್ತು? ನೀರು ಎಷ್ಟು ಬಿಸಿ? ಸೋಪು ಕಾಲಿಗೂ ಹಚ್ತಾರಾ? ಲೋಷನ್ ಹಚ್ಚುವಾಗ ಕಾಲು ಒದ್ದೆ ಇರುತ್ತಾ, ಒಣಗಿರುತ್ತಾ?

ರಾತ್ರಿಪಾಳಿ ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತೆ. ಆದರೆ ನಾಲ್ಕು ಲೀಟರ್ ಬೇಡ. ದೇಹದಲ್ಲಿ ನೀರು ತೀರಾ ಕಡಿಮೆಯಾಗಿದ್ದರೆ ಕುಡಿಯಬೇಕು, ನಿಜ. ಆದರೆ ಕುಡಿದ ನೀರು ಹೊರಪದರದ ಸತ್ತ ಜೀವಕೋಶಗಳಿಗೆ ಹೋಗಿ ನಿಲ್ಲುವುದಿಲ್ಲ. ಹೃದಯ ಅಥವಾ ಕಿಡ್ನಿ ತೊಂದರೆ ಇರುವ ವಯಸ್ಸಾದವರಿಗೆ ಒಮ್ಮೆಲೇ ಅಷ್ಟು ನೀರು ಕುಡಿಸಿದರೆ ಅಪಾಯವೂ ಹೌದು.

ಇಬ್ಬನಿ

ಸ್ನಾನ ಬೆಳಿಗ್ಗೆ. ನೀರು ಹಬೆಯಾಡುವಷ್ಟು ಬಿಸಿ ಇರಬೇಕು ಅಮ್ಮನಿಗೆ. ಬಿಸಿನೀರು ಬಿದ್ದಾಗ ನವೆ ನಿಲ್ಲುತ್ತೆ, ಹಾಯೆನಿಸುತ್ತೆ ಅಂತ ಇಪ್ಪತ್ತು ಇಪ್ಪತ್ತೈದು ನಿಮಿಷ ಹಾಕಿಕೊಳ್ತಾರೆ. ಹೊಟ್ಟು ಹೋಗಲಿ ಅಂತ ಕಾಲಿಗೆ ಎರಡು ಸಲ ಸೋಪು ಹಚ್ಚಿ ಒರಟು ಬಟ್ಟೆಯಲ್ಲಿ ಉಜ್ಜೋದು ನಾನೇ. ಲೋಷನ್ ಹಚ್ಚೋದು ರಾತ್ರಿ, ಹೀಟರ್ ಮುಂದೆ ಕೂತು ಎದ್ದ ಮೇಲೆ. ಕಾಲು ಪೂರ್ತಿ ಒಣಗಿರುತ್ತೆ.

ಮುಲಾಮುಪೆಟ್ಟಿಗೆ

ನಿಮ್ಮ ತಪ್ಪಲ್ಲ, ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ವಾರ್ಡಿಗೆ ಬರುತ್ತಿದ್ದವರಲ್ಲಿ ಹತ್ತಕ್ಕೆ ಎಂಟು ಮನೆಗಳಲ್ಲಿ ಹೀಗೇ ಮಾಡುತ್ತಿದ್ದರು. ನಿಮ್ಮ ಉತ್ತರದಲ್ಲೇ ಕಾರಣ ಇದೆ.

ಚರ್ಮದ ತೀರಾ ಹೊರಗಿನ ಪದರಕ್ಕೆ ಸ್ಟ್ರಾಟಮ್ ಕಾರ್ನಿಯಮ್ ಅಂತಾರೆ. ಕಾಗದಕ್ಕಿಂತ ತೆಳು. ಇಟ್ಟಿಗೆ ಗೋಡೆ ನೆನಪಿಸಿಕೊಳ್ಳಿ. ಇಟ್ಟಿಗೆಗಳು ಸತ್ತ ಜೀವಕೋಶಗಳು, ನಡುವಿನ ಗಾರೆ ಅಂದರೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ ಸೇರಿದ ಜಿಡ್ಡು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಸೆರಮೈಡೇ. ಈ ಗಾರೆ ಗಟ್ಟಿಯಿದ್ದರೆ ಒಳಗಿನ ನೀರು ಒಳಗೇ ಇರುತ್ತೆ. ವಯಸ್ಸಾದಂತೆ ಈ ಜಿಡ್ಡು ತಯಾರಾಗೋದು ಕಡಿಮೆ, ಅದರಲ್ಲೂ ಮೊಣಕಾಲಿನ ಕೆಳಗೆ ಎಣ್ಣೆಗ್ರಂಥಿಗಳೇ ವಿರಳ. ಅಂಥ ಕಡೆ ಹಬೆಯಾಡುವ ನೀರು ಹುಯ್ದರೆ ಜಿಡ್ಡು ಕರಗಿ ಹೋಗುತ್ತೆ. ಮೇಲೆ ಸೋಪು. ಚರ್ಮದ ಸಹಜ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ) 5ರ ಆಸುಪಾಸು ಇದ್ದರೆ ಮಾಮೂಲಿ ಸೋಪಿನದು 9ರಿಂದ 10. ಮಿಕ್ಕ ಗಾರೆಯನ್ನೂ ಅದು ಎಬ್ಬಿಸಿಬಿಡುತ್ತೆ. ಆಮೇಲೆ ಒರಟು ಬಟ್ಟೆ.

ಇನ್ನು ಲೋಷನ್. ಅದರಲ್ಲಿ ಬಹುಪಾಲು ನೀರೇ. ಒಣಗಿದ ಕಾಲಿಗೆ ಹಚ್ಚಿದರೆ ಆ ನೀರು ಆರಿಹೋಗುತ್ತೆ, ಉಳಿಯುವ ಜಿಡ್ಡು ಎಷ್ಟು ಮಹಾ? ಅದಕ್ಕೇ ಅರ್ಧ ಗಂಟೆಗೆ ಮೊದಲಿನ ಹಾಗೆ ಆಗ್ತಿರೋದು.

ಹೀಗೆ ಮಾಡಿ ನೋಡಿ. ಸ್ನಾನ ಐದು, ಹೆಚ್ಚೆಂದರೆ ಹತ್ತು ನಿಮಿಷ. ನೀರು ಉಗುರುಬೆಚ್ಚಗೆ. ಬಚ್ಚಲಲ್ಲಿ ಹಬೆ ಕಟ್ಟಿದರೆ ಬಿಸಿ ಜಾಸ್ತಿ ಅಂತಲೇ ಲೆಕ್ಕ. ಸೋಪು ಕಂಕುಳು, ತೊಡೆಸಂದು, ಪಾದ ಇಷ್ಟಕ್ಕೆ ಮಾತ್ರ. ಕಾಲಿಗೆ ಬರೀ ನೀರು ಸಾಕು. ಟವೆಲಿನಿಂದ ಉಜ್ಜದೆ ಒತ್ತಿ ಒತ್ತಿ ತೆಗೆಯಿರಿ. ಮೈ ಇನ್ನೂ ತೇವವಾಗಿದ್ದಾಗಲೇ, ಮೂರು ನಿಮಿಷದೊಳಗೆ, ಬಚ್ಚಲುಮನೆ ಬಾಗಿಲು ತೆಗೆಯುವ ಮುಂಚೆಯೇ ಮುಲಾಮು ಹಚ್ಚಿ. ಡಬ್ಬ ಮಲಗುವ ಕೋಣೆಯಲ್ಲಿ ಇಡಬೇಡಿ, ಬಚ್ಚಲಲ್ಲೇ ಇಡಿ. ಇದೊಂದು ಬದಲಾವಣೆಯಿಂದ ಗುಣವಾದವರನ್ನು ನಾನು ಕಣ್ಣಾರೆ ನೋಡಿದ್ದೀನಿ.

ಯಾವುದು ಹಚ್ಚಬೇಕು ಅಂತ ಕೇಳಿದ್ದಿರಿ. ಪಂಪ್ ಒತ್ತಿದರೆ ಸುರಿಯುವಷ್ಟು ತೆಳುವಾದದ್ದು ಈ ಕಾಲಿಗೆ ಸಾಲದು. ಡಬ್ಬದಿಂದ ಬೆರಳಲ್ಲಿ ಅಗೆದು ತೆಗೆಯುವಷ್ಟು ಗಟ್ಟಿ ಕ್ರೀಮ್ ಅಥವಾ ಪೆಟ್ರೋಲಿಯಂ ಜೆಲ್ಲಿ ತಗೊಳ್ಳಿ. ಸುವಾಸನೆ ಇಲ್ಲದ್ದೇ ಆಗಬೇಕು. ಬಿರುಕು ಬಿಟ್ಟ ಚರ್ಮಕ್ಕೆ ಸುಗಂಧದಿಂದ ಅಲರ್ಜಿ ಹತ್ತೋದು ಬಹಳ ಸುಲಭ.

ವಿಜ್ಞಾನದ ಮೇಷ್ಟ್ರು

ಮೇಡಂ ಚೆನ್ನಾಗಿ ಹೇಳಿದ್ದಾರೆ. ಚಳಿಗಾಲದಲ್ಲೇ ಯಾಕೆ ಹೀಗಾಗುತ್ತೆ ಅನ್ನೋದಕ್ಕೆ ನಾನು ಮಕ್ಕಳಿಗೆ ಹೇಳುವ ಲೆಕ್ಕ ಒಂದಿದೆ. 0 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಸುಮಾರು 5 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. 20 ಡಿಗ್ರಿಯ ಗಾಳಿ ಸುಮಾರು 17 ಗ್ರಾಂ. ಹೊರಗಿನ ಆ ಶೀತಗಾಳಿ ಮನೆಯೊಳಗೆ ಬಂದು ಹೀಟರಿನಿಂದ 20 ಡಿಗ್ರಿಗೆ ಕಾಯಿತು ಅಂದುಕೊಳ್ಳಿ. ಅದರೊಳಗಿನ ನೀರು ಅದೇ 5 ಗ್ರಾಂ, ಹಿಡಿಯುವ ಶಕ್ತಿ ಮಾತ್ರ 17 ಆಯಿತು. ತೇವಾಂಶ ಶೇ 30ಕ್ಕೂ ಕೆಳಗೆ ಬಂತು. ಅಂಥ ಗಾಳಿ ಸಿಕ್ಕಸಿಕ್ಕಲ್ಲಿಂದ ನೀರು ಹೀರುತ್ತೆ, ಬಾಗಿಲಿನ ಮರದಿಂದಲೂ, ನಮ್ಮ ಚರ್ಮದಿಂದಲೂ. ಹೊರಗೆ ಅಷ್ಟೊಂದು ಚಳಿ ಇಲ್ಲದ ಕಡೆಯೂ ಹೀಟರ್ ಹಚ್ಚಿಟ್ಟರೆ ಪರಿಣಾಮ ಇದೇ ದಿಕ್ಕಿನದು.

ಹಾಗಾಗಿ ಅಮ್ಮನನ್ನು ಹೀಟರಿನಿಂದ ದೂರ ಕೂರಿಸಿ. ಬಿಸಿಗಾಳಿ ನೇರ ಕಾಲಿಗೆ ಬಡಿಯಬಾರದು. ಕೋಣೆಯ ತೇವಾಂಶ ಶೇ 40ರ ಮೇಲಿದ್ದರೆ ಒಳ್ಳೆಯದು. ಹ್ಯೂಮಿಡಿಫೈಯರ್, ಅಂದರೆ ಗಾಳಿಗೆ ತೇವ ಸೇರಿಸುವ ಯಂತ್ರ, ಇಟ್ಟರೆ ನೀರು ದಿನಾ ಬದಲಿಸಿ ಪಾತ್ರೆ ತಿಕ್ಕಬೇಕು, ಇಲ್ಲದಿದ್ದರೆ ಅದರೊಳಗೆ ಬೂಷ್ಟು ಬೆಳೆದು ಉಸಿರಾಟಕ್ಕೆ ತೊಂದರೆ ಮಾಡುತ್ತೆ.

ಎಣ್ಣೆಗಿಂಡಿ

ಇಷ್ಟೆಲ್ಲ ಯಾಕೆ? ನಾನು ಚಿಕ್ಕಂದಿನಿಂದ ಎಣ್ಣೆ ಬಿಟ್ಟು ಬೇರೇನೂ ಹಚ್ಚಿದವನಲ್ಲ. ನನ್ನ ಚರ್ಮ ಚೆನ್ನಾಗಿಯೇ ಇದೆ. ಒಣಗಿದ್ದಕ್ಕೆ ಎಣ್ಣೆ ಹಚ್ಚಿದರೆ ಮೆತ್ತಗಾಗುತ್ತೆ.

ವಿಜ್ಞಾನದ ಮೇಷ್ಟ್ರು

ಸರ್, ಮೆತ್ತಗಾದ ಹಾಗೆ ಅನಿಸೋದು ನಿಜ. ಆದರೆ 1952ರಲ್ಲಿ ಇರ್ವಿನ್ ಬ್ಲಾಂಕ್ ಎಂಬ ಅಮೆರಿಕದ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಒಣಗಿ ಸೆಟೆದ ಆಣಿಚರ್ಮದ ತುಂಡನ್ನು ಎಣ್ಣೆಯಲ್ಲಿ ನೆನೆಸಿಟ್ಟರು, ಅದು ಸೆಟೆದೇ ಇತ್ತು. ನೀರು ಸೇರಿದಾಗ ಮಾತ್ರ ಬಾಗಿತು. ಚರ್ಮವನ್ನು ಮೆದುವಾಗಿಡೋದು ನೀರು, ಆ ನೀರು ಹಾರಿಹೋಗದ ಹಾಗೆ ಕಾಯೋದು ಎಣ್ಣೆ ಅಂತ ಅಲ್ಲಿಂದ ಖಚಿತವಾಯಿತು. ಹೊರಪದರದಲ್ಲಿ ನೀರಿನ ಪ್ರಮಾಣ ಶೇ 10ಕ್ಕಿಂತ ಕೆಳಗೆ ಇಳಿದರೆ ಅದು ಬಿರುಸಾಗಿ ಸೀಳುತ್ತೆ. ನೀವು ಎಣ್ಣೆ ಹಚ್ಚೋದು ಒದ್ದೆ ಮೈಗಾದರೆ ನಿಮಗೆ ಅದು ಕೆಲಸ ಮಾಡಿರೋದರಲ್ಲಿ ಆಶ್ಚರ್ಯವಿಲ್ಲ.

ಮುಲಾಮುಪೆಟ್ಟಿಗೆ

ಎಣ್ಣೆಗಿಂಡಿ ಅವರೇ, ಎಣ್ಣೆ ಬೇಡವೇ ಬೇಡ ಅಂತ ನಾನೂ ಹೇಳಲ್ಲ. ಆದರೆ ಎಲ್ಲ ಎಣ್ಣೆಯೂ ಒಂದೇ ಅಲ್ಲ. ಕೊಬ್ಬರಿ ಎಣ್ಣೆಯನ್ನು ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ ಎಣ್ಣೆ) ಜೊತೆ ಹೋಲಿಸಿ 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಣಚರ್ಮಕ್ಕೆ ಎರಡೂ ಸಮಾನವಾಗಿ ಕೆಲಸ ಮಾಡಿದವು. ಆಲಿವ್ ಎಣ್ಣೆಯ ಕಥೆ ಬೇರೆ. 2013ರಲ್ಲಿ ಬಂದ ಅಧ್ಯಯನದಲ್ಲಿ ವಯಸ್ಕರ ಮುಂಗೈಗೆ ಅದನ್ನು ಹಚ್ಚಿ ನೋಡಿದಾಗ ಆ ಗಾರೆಯ ಪದರವೇ ಸಡಿಲವಾಯಿತು, ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ಆಲಿವ್ ಎಣ್ಣೆಗೆ ದೊಡ್ಡ ಹೆಸರಿದೆ ಅಂತ ಎಳೆಮಗುವಿಗೆ ತಿಕ್ಕುವವರು ಇದನ್ನು ಗಮನಿಸಿ. ಬಿರಿದು ರಕ್ತ ಜಿನುಗುವ ಕಾಲಿಗೆ ಮಾತ್ರ ನಾನು ಪೆಟ್ರೋಲಿಯಂ ಜೆಲ್ಲಿಯನ್ನೇ ಆರಿಸುತ್ತೀನಿ. 1872ರಲ್ಲಿ ಪೇಟೆಂಟ್ ಆದ ವಸ್ತು ಅದು, ಇವತ್ತಿಗೂ ನೀರು ಹಾರಿಹೋಗೋದನ್ನು ಅದರಷ್ಟು ಗಟ್ಟಿಯಾಗಿ ತಡೆಯುವ ಮುಲಾಮು ಇನ್ನೊಂದಿಲ್ಲ. ಉರಿಯಲ್ಲ, ಅಲರ್ಜಿ ಆಗೋದು ತೀರಾ ಅಪರೂಪ.

ಎರಡು ಮಕ್ಕಳ ತಾಯಿ

ಅಕ್ಕ, ಎಷ್ಟು ಹಚ್ಚಬೇಕು ಅಂತ ಹೇಳಿಬಿಡಿ. ನಾನು ಬಟಾಣಿಯಷ್ಟು ತಗೊಂಡು ಇಡೀ ಕಾಲಿಗೆ ಎಳೀತೀನಿ. ಮತ್ತೆ ಮಗಳಿಗೆ ಯೂರಿಯಾ ಇರುವ ಕ್ರೀಮ್ ಹಚ್ಚಿದೆ, ಉರಿ ಅಂತ ಚೀರಿಬಿಟ್ಟಳು. ತೊಳೆದುಬಿಟ್ಟೆ.

ಮುಲಾಮುಪೆಟ್ಟಿಗೆ

ತೊಳೆದದ್ದು ಸರಿಯೇ ತಂಗಿ. ಯೂರಿಯಾ ಒಳ್ಳೆಯ ಪದಾರ್ಥ, ನೀರನ್ನು ಎಳೆದು ಹಿಡಿದಿಡುತ್ತೆ, ಗಟ್ಟಿ ಚರ್ಮವನ್ನು ಸಡಿಲಿಸುತ್ತೆ. ಆದರೆ ಬಿರುಕಿನೊಳಗೆ ಇಳಿದರೆ ಕೆಂಡದ ಹಾಗೆ ಉರಿಯುತ್ತೆ. ಮೊದಲು ಜೆಲ್ಲಿ ಹಚ್ಚಿ ಬಿರುಕು ಕೂಡಿಕೊಳ್ಳಲಿ. ಆಮೇಲೆ ದೊಡ್ಡವರಿಗೆ ಶೇ 5ರಿಂದ 10ರದ್ದು ಕೈಕಾಲಿಗೆ ಸಾಕು. ಒಡೆದ ಹಿಮ್ಮಡಿಯ ದಪ್ಪ ಚರ್ಮಕ್ಕೆ ಶೇ 20ರ ಮೇಲಿನದು ಬೇಕಾಗುತ್ತೆ, ಅದನ್ನು ಮುಖಕ್ಕೆ ಮುಟ್ಟಿಸಬೇಡಿ. ಪುಟ್ಟ ಮಕ್ಕಳಿಗೆ ವೈದ್ಯರನ್ನು ಕೇಳದೆ ಯೂರಿಯಾ ಬೇಡ. ಗ್ಲಿಸರಿನ್ ಇರುವ ಕ್ರೀಮ್ ಅವರಿಗೆ ಹಿತ.

ಅಳತೆಗೆ ಬೆರಳೇ ಸಾಕು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆವರೆಗೆ ಟ್ಯೂಬಿನಿಂದ ಎಳೆದರೆ ಸುಮಾರು ಅರ್ಧ ಗ್ರಾಂ. ಬೆರಳು ಸಮೇತ ಎರಡು ಅಂಗೈ ಮುಚ್ಚುವಷ್ಟು ಜಾಗಕ್ಕೆ ಅದು ಆಗುತ್ತೆ. ನಿಮ್ಮ ಅಂಗೈಯನ್ನು ಕಾಲಿನ ಮೇಲೆ ಇಟ್ಟು ಎಣಿಸಿ, ಬಟಾಣಿಯಷ್ಟು ಎಲ್ಲಿಗೂ ಸಾಲಲ್ಲ ಅಂತ ನಿಮಗೇ ಗೊತ್ತಾಗುತ್ತೆ. ಮೈಯೆಲ್ಲ ಒಣಗಿ ಎಕ್ಸಿಮಾ (ಚರ್ಮ ಕೆಂಪಾಗಿ ಉರಿಯೂತ, ನವೆ ಬರುವ ಕಾಯಿಲೆ) ಆದ ದೊಡ್ಡವರಿಗೆ ವಾರಕ್ಕೆ ಅರ್ಧ ಕೆಜಿವರೆಗೂ ಬಳಸುತ್ತಿದ್ದೆವು. ಹಚ್ಚುವಾಗ ಕೂದಲು ಬೆಳೆದ ದಿಕ್ಕಿಗೇ, ಮೇಲಿಂದ ಕೆಳಕ್ಕೆ ಸವರಿ. ಹಿಂದಕ್ಕೂ ಮುಂದಕ್ಕೂ ತಿಕ್ಕಿದರೆ ರೋಮದ ಬುಡದಲ್ಲಿ ಗುಳ್ಳೆ ಏಳುತ್ತೆ.

ಎರಡು ಮಕ್ಕಳ ತಾಯಿ

ಚಿಕ್ಕವನಿಗೆ ಈಗ ನಾಲ್ಕು ತಿಂಗಳು. ಅವನ ಚರ್ಮ ಚೆನ್ನಾಗಿದೆ. ಅಕ್ಕನ ಹಾಗೆ ಎಕ್ಸಿಮಾ ಬರದಿರಲಿ ಅಂತ ಈಗಿನಿಂದಲೇ ದಿನಾ ಕ್ರೀಮ್ ಹಚ್ಚಬೇಕಾ?

ಮುಲಾಮುಪೆಟ್ಟಿಗೆ

ಅದಕ್ಕಾಗಿ ಬೇಡ. ಬ್ರಿಟನ್ನಿನಲ್ಲಿ 1,394 ನವಜಾತ ಶಿಶುಗಳ ಮೇಲೆ ಇದನ್ನೇ ಪರೀಕ್ಷಿಸಿದರು, 2020ರಲ್ಲಿ ಫಲಿತಾಂಶ ಬಂತು. ಮೊದಲ ವರ್ಷವಿಡೀ ದಿನಾ ಹಚ್ಚಿದರೂ ಎಕ್ಸಿಮಾ ತಪ್ಪಲಿಲ್ಲ. ಮಗುವಿನ ಚರ್ಮ ಒಣಗಿದ್ದು ಕಂಡರೆ ಆಗ ಹಚ್ಚಿ.

ರಾತ್ರಿಪಾಳಿ

ಮೇಡಂ, ನೀರಿನ ವಿಷಯದಲ್ಲಿ ತಿದ್ದಿದ್ದಕ್ಕೆ ಥ್ಯಾಂಕ್ಸ್. ನನ್ನದೂ ಒಂದು ಪ್ರಶ್ನೆ. ಪಾಳಿಯಲ್ಲಿ ದಿನಕ್ಕೆ ನಲವತ್ತು ಸಲ ಕೈ ತೊಳೆಯಬೇಕು. ಹೆಬ್ಬೆರಳಿನ ತುದಿ, ಉಗುರಿನ ಪಕ್ಕದಲ್ಲಿ ಬ್ಲೇಡ್ ತಾಗಿದ ಹಾಗೆ ಸೀಳಿದೆ. ಅಂಗಿ ಗುಂಡಿ ಹಾಕುವಾಗ ಕಣ್ಣಲ್ಲಿ ನೀರು ಬರುತ್ತೆ. ಗೆಣ್ಣುಗಳ ಮೇಲೆ ಕಪ್ಪಗೆ ಗೆರೆ ಗೆರೆ. ರಜೆ ಇದ್ದ ಎರಡು ದಿನ ಸ್ವಲ್ಪ ಕೂಡಿಕೊಂಡಿರುತ್ತೆ, ಮತ್ತೆ ಒಂದೇ ಪಾಳಿಗೆ ಬಾಯಿ ಬಿಡುತ್ತೆ.

ಮುಲಾಮುಪೆಟ್ಟಿಗೆ

ಆ ನೋವು ನನಗೆ ಚೆನ್ನಾಗಿ ಗೊತ್ತು. ಹತ್ತು ಚಳಿಗಾಲ ನನ್ನ ಕೈಯೂ ಹಾಗೇ ಇತ್ತು. ಕೈಗೆ ಕೊಳೆ ಅಂಟಿರದಿದ್ದರೆ, ನಿಮ್ಮ ಕೆಲಸದ ನಿಯಮ ಒಪ್ಪಿದರೆ, ಸೋಪು ನೀರಿನ ಬದಲು ಗ್ಲಿಸರಿನ್ ಬೆರೆಸಿದ ಆಲ್ಕೋಹಾಲ್ ಹ್ಯಾಂಡ್‌ರಬ್ ಬಳಸಿ. ಒಡೆದ ಕೈಗೆ ಚುರುಗುಟ್ಟುತ್ತೆ, ಹಾಗಾಗಿ ಅದೇ ಕೆಟ್ಟದ್ದು ಅಂತ ಎಲ್ಲರೂ ಅಂದುಕೊಳ್ತಾರೆ. ಆದರೆ ಚರ್ಮದ ಜಿಡ್ಡನ್ನು ತೊಳೆದುಕೊಂಡು ಹೋಗೋದು ಸೋಪು ನೀರೇ ಹೆಚ್ಚು. ತೊಳೆಯಲೇಬೇಕಾದರೆ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು. ಬೆರಳ ಸಂದಿ ಒತ್ತಿ ಒರೆಸಿ, ಉಂಗುರ ತೆಗೆದಿಡಿ. ಉಂಗುರದ ಅಡಿ ಸೋಪು ನಿಂತು ಅಲ್ಲೇ ಮೊದಲು ಸುಲಿಯುತ್ತೆ.

ರಾತ್ರಿ ಮಲಗುವಾಗ ಹೆಬ್ಬೆರಳಿನ ಸೀಳಿಗೆ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ತುಂಬಿ ಹತ್ತಿಯ ಗ್ಲೌಸ್ ಹಾಕಿಕೊಳ್ಳಿ. ಹಗಲು ಸೀಳಿನ ಎರಡೂ ಅಂಚು ಸೇರುವ ಹಾಗೆ ಟೇಪ್ ಸುತ್ತಿ. ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸ್ ಒಳಗೆ ಹತ್ತಿಯದೊಂದು ಇರಲಿ, ಬೆವರು ಹೀರಿಕೊಳ್ಳುತ್ತೆ. ಮೂರು ನಾಲ್ಕು ವಾರ ಕಳೆದರೂ ಇಳಿಯದಿದ್ದರೆ ಗ್ಲೌಸಿನ ರಬ್ಬರಿಗೋ ಸೋಪಿಗೋ ಅಲರ್ಜಿ ಇರಬಹುದು. ಪ್ಯಾಚ್ ಟೆಸ್ಟ್ (ಅನುಮಾನದ ವಸ್ತುಗಳನ್ನು ಚರ್ಮಕ್ಕೆ ಅಂಟಿಸಿ ನೋಡುವ ಅಲರ್ಜಿ ಪರೀಕ್ಷೆ) ಮಾಡಿಸಿದರೆ ತಿಳಿಯುತ್ತೆ.

ಹೊಸ ಸದಸ್ಯ

ತುಟಿಗೆ? ಮಗ ತುಟಿ ಸುತ್ತಲೂ ಕೆಂಪಗೆ ಮೀಸೆ ಬರೆದ ಹಾಗೆ ಮಾಡಿಕೊಂಡಿದ್ದಾನೆ.

ಮುಲಾಮುಪೆಟ್ಟಿಗೆ

ನಾಲಿಗೆಯಿಂದ ಸವರಿಕೊಳ್ತಿದ್ದಾನೆ. ಎಂಜಲು ಆರುವಾಗ ತುಟಿಯ ತೇವವನ್ನೂ ಎಳೆದುಕೊಂಡು ಹೋಗುತ್ತೆ, ಎಂಜಲಿನ ಕಿಣ್ವಗಳು ಚರ್ಮವನ್ನು ಕೆರಳಿಸುತ್ತವೆ. ಬಿಡು ಅಂತ ಬೈದರೆ ಮಕ್ಕಳು ಬಿಡೋದಿಲ್ಲ. ಗಂಟೆಗೊಮ್ಮೆ ತುಟಿಗೂ ಸುತ್ತಲ ಕೆಂಪಿಗೂ ಜೆಲ್ಲಿ ಹಚ್ಚಿ. ಮೆಂಥಾಲ್, ಕರ್ಪೂರ, ಹಣ್ಣಿನ ವಾಸನೆ ಇರುವ ಲಿಪ್ ಬಾಮ್ ಬೇಡ. ಮೆಂಥಾಲ್, ಕರ್ಪೂರ ತುಟಿಯನ್ನು ಇನ್ನಷ್ಟು ಕೆರಳಿಸುತ್ತವೆ, ಹಣ್ಣಿನ ವಾಸನೆಗೆ ಮಕ್ಕಳು ಇನ್ನಷ್ಟು ನೆಕ್ಕುತ್ತಾರೆ.

ಕೈಕಸುಬಿ

ನಮ್ಮ ಮನೆಯಲ್ಲಿ ಆದದ್ದು ಹೇಳಲೇಬೇಕು, ಬೇರೆಯವರಿಗೆ ಆಗದಿರಲಿ. ಹೋದ ಚಳಿಗಾಲ ನನಗೆ ರಾತ್ರಿ ನವೆ. ಚಳಿಗೆ ಒಣಗಿದೆ ಅಂತ ಆರು ವಾರ ಕ್ರೀಮ್ ಹಚ್ಚಿದೆ. ಆಮೇಲೆ ಹೆಂಡತಿಗೆ ಶುರುವಾಯ್ತು, ಆಮೇಲೆ ಮಗಳಿಗೆ. ಮಗಳ ಬೆರಳ ಸಂದಿಯಲ್ಲಿ ಪೆನ್ಸಿಲಿನಿಂದ ಎಳೆದ ಹಾಗೆ ಸಣ್ಣ ಸೊಟ್ಟ ಗೆರೆ ಕಂಡ ಮೇಲೆ ಡಾಕ್ಟರ್ ಹತ್ತಿರ ಹೋದೆವು. ಕಜ್ಜಿ! ಚರ್ಮದೊಳಗೆ ಹುಳ ಕೊರೆದ ದಾರಿ ಅದು. ಪರ್ಮೆಥ್ರಿನ್ ಕ್ರೀಮ್ ಮನೆಮಂದಿಯೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ, ಒಂದು ವಾರ ಬಿಟ್ಟು ಮತ್ತೊಮ್ಮೆ ಹಚ್ಚಿದೆವು. ಹಾಸಿಗೆ ಬಟ್ಟೆ ಬಿಸಿನೀರಿಗೆ ಹಾಕಿದೆವು. ಆಗ ಹೋಯ್ತು. ಆರು ವಾರ ಸುಮ್ಮನೆ ಒದ್ದಾಡಿದೆವು, ಮಗಳ ಪರೀಕ್ಷೆ ಸಮಯ ಬೇರೆ.

ಮುಲಾಮುಪೆಟ್ಟಿಗೆ

ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ರಾತ್ರಿ ನವೆ ಇದ್ದರೆ ಅದನ್ನು ಒಣಚರ್ಮ ಅಂತ ತಳ್ಳಿಹಾಕಬಾರದು. ಅಂಚು ಸ್ಪಷ್ಟವಾಗಿದ್ದು ಬೆಳ್ಳಿಯಂಥ ದಪ್ಪ ಹೊಟ್ಟು ಏಳುತ್ತಿದ್ದರೆ ಸೋರಿಯಾಸಿಸ್ ಇರಬಹುದು. ಉಂಗುರದ ಹಾಗೆ ಹರಡುತ್ತಿದ್ದರೆ ಹುಳುಕಡ್ಡಿ. ಚರ್ಮದ ಮೇಲೆ ಏನೂ ಕಾಣದೆ ಮೈಯೆಲ್ಲ ನವೆಯಾಗುತ್ತಿದ್ದರೆ ಥೈರಾಯ್ಡ್, ಕಿಡ್ನಿ, ಸಕ್ಕರೆ, ಕಬ್ಬಿಣದಂಶ ಎಲ್ಲವನ್ನೂ ಪರೀಕ್ಷಿಸಬೇಕಾಗುತ್ತೆ. ಸಕ್ಕರೆ ಕಾಯಿಲೆ ಇರುವವರ ಹಿಮ್ಮಡಿ ಒಡೆದರೆ ಅದೇ ದಿನ ತೋರಿಸಿ. ಅಂಥವರು ಬ್ಲೇಡಿನಿಂದ ಹೆರೆಯೋದಂತೂ ಮಾಡಲೇಬಾರದು.

ಇಬ್ಬನಿ ಅವರೇ, ಅಮ್ಮನ ಕಾಲಿನ ಕೆಂಪು ಗೀರುಗಳ ಬಗ್ಗೆ ನೀವು ಬರೆದದ್ದನ್ನು ಮತ್ತೆ ಓದಿದೆ. ಅದು ಬರೀ ಒಣಚರ್ಮದ ಹಂತ ದಾಟಿ ಎಕ್ಸಿಮಾ ಆಗಿರಬಹುದು. ವಯಸ್ಸಾದವರ ಕಾಲಿಗೆ ಚಳಿಗಾಲದಲ್ಲಿ ಬರುವ ಬಗೆಯೇ ಒಂದಿದೆ, ಅದು ಬಿರಿದ ಕೆರೆಯಂಗಳದ ಹಾಗೇ ಕಾಣುತ್ತೆ. ಒಮ್ಮೆ ಚರ್ಮವೈದ್ಯರಿಗೆ ತೋರಿಸಿ. ಅಮ್ಮ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಅಥವಾ ಕೊಲೆಸ್ಟರಾಲ್ ಮಾತ್ರೆ ತಗೊಳ್ತಿದ್ದರೆ ಅದನ್ನೂ ಹೇಳಿ. ನೀವಾಗಿ ನಿಲ್ಲಿಸಬೇಡಿ. ಯಾರೋ ಕೊಟ್ಟರು ಅಂತ ಸ್ಟೀರಾಯ್ಡ್ ಬೆರೆತ ಟ್ಯೂಬ್ ಹಚ್ಚಬೇಡಿ.

ಇನ್ನೊಂದು ಮಾತು, ದಯವಿಟ್ಟು ಎಲ್ಲರೂ ಓದಿ. ಜೆಲ್ಲಿ, ಕ್ರೀಮ್ ಇವೆಲ್ಲ ಬಟ್ಟೆಗೆ ಹಾಸಿಗೆಗೆ ಹತ್ತಿ ಒಣಗುತ್ತವೆ. ಅಂಥ ಬಟ್ಟೆಗೆ ಕಿಡಿ ತಾಗಿದರೆ ಬಲು ಬೇಗ ಹೊತ್ತಿಕೊಳ್ಳುತ್ತೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ತೊಳೆದರೂ ಜಿಡ್ಡು ಪೂರ್ತಿ ಹೋಗುವ ಖಾತ್ರಿ ಇಲ್ಲ. ಮುಲಾಮು ಹಚ್ಚಿಕೊಂಡ ವಯಸ್ಸಾದವರನ್ನು ಒಲೆ, ಬೆಂಕಿ, ಸಿಗರೇಟಿನ ಹತ್ತಿರ ಬಿಡಬೇಡಿ. ಅಂಗಾಲಿಗೆ ಹಚ್ಚಿದ ಮೇಲೆ ಕಾಲುಚೀಲ ಹಾಕದೆ ನಡೆಸಬೇಡಿ, ಬಚ್ಚಲ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡವರನ್ನು ನೋಡಿದ್ದೀನಿ.

ಇಬ್ಬನಿ · 12 ದಿನಗಳ ನಂತರ

ಬರೆಯಲು ತಡವಾಯಿತು, ಕ್ಷಮಿಸಿ. ಹಾಸಿಗೆ ಮೇಲೆ ರಕ್ತದ ಚುಕ್ಕೆ ಇಲ್ಲದೆ ಇವತ್ತಿಗೆ ಆರು ದಿನ.

ಮೊದಲ ಎರಡು ದಿನ ಅಮ್ಮ ಒಪ್ಪಲೇ ಇಲ್ಲ. ನೀರು ತಣ್ಣಗಿದೆ ಅಂತ ಮುನಿಸಿಕೊಂಡರು. ಬಚ್ಚಲುಮನೆ ಮೊದಲೇ ಬೆಚ್ಚಗೆ ಮಾಡಿಟ್ಟು ಆಮೇಲೆ ಕರೆದುಕೊಂಡು ಹೋದೆ, ಆಗ ನೀರಿನ ಬಿಸಿ ಕಡಿಮೆಯಾದದ್ದು ಅಷ್ಟಾಗಿ ಗೊತ್ತಾಗಲಿಲ್ಲ. ನವೆ ಬಂದಾಗ ಕೆರೆಯುವ ಬದಲು ಒದ್ದೆ ಬಟ್ಟೆ ಒತ್ತಿ ಹಿಡಿದು ಮೇಲೆ ಜೆಲ್ಲಿ ಹಚ್ಚಿದೆ. ಉಗುರು ಕತ್ತರಿಸಿದೆ. ಉಣ್ಣೆಯ ಕಾಲುಚೀಲದ ಒಳಗೆ ಹತ್ತಿಯದು ಹಾಕಿದೆ, ಅದರಿಂದ ಚುಚ್ಚೋದು ನಿಂತಿತು.

ಡಾಕ್ಟರ್ ನೋಡಿ ಎಕ್ಸಿಮಾನೇ ಅಂದರು. ಕೆಂಪಿರುವ ಕಡೆಗೆ ಮಾತ್ರ ಹತ್ತು ದಿನ ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟಿದ್ದಾರೆ, ಮಿಕ್ಕ ಕಡೆಗೆ ಜೆಲ್ಲಿ. ಬಲಗಾಲು ಹೆಚ್ಚುಕಡಿಮೆ ಕೂಡಿಕೊಂಡಿದೆ. ಎಡಗಾಲಲ್ಲಿ ಹರಡಿನ ಮೇಲೆ ಅಂಗೈಯಗಲ ಇನ್ನೂ ಒರಟಾಗಿದೆ. ನಿನ್ನೆ ನಾನು ಟವೆಲ್ ಹಿಡಿದು ನಿಂತಿದ್ದೆ, "ಮೊದಲು ಆ ಡಬ್ಬ ಕೊಡು, ನೀರು ಆರಿಹೋಗುತ್ತೆ" ಅಂತ ಅಮ್ಮನೇ ಕೈ ಚಾಚಿದರು.

ಮೇಡಂ, ಪೂರ್ತಿ ವಾಸಿಯಾದ ಮೇಲೆ ನಿಲ್ಲಿಸಬಹುದಾ?

ಮುಲಾಮುಪೆಟ್ಟಿಗೆ

ಓದಿ ಮನಸ್ಸು ತುಂಬಿ ಬಂತು. ಸ್ಟೀರಾಯ್ಡ್ ಡಾಕ್ಟರ್ ಹೇಳಿದ ದಿನಕ್ಕೆ ನಿಲ್ಲಿಸಿ. ಜೆಲ್ಲಿ ನಿಲ್ಲಿಸಬೇಡಿ, ಚಳಿ ಕಳೆಯುವವರೆಗೂ ಸ್ನಾನವಾದ ಕೂಡಲೇ ಒಮ್ಮೆ, ಮಲಗುವಾಗ ಒಮ್ಮೆ ಹಚ್ಚಿ. ಮಲಗುವಾಗ ಹಚ್ಚೋದಕ್ಕೆ ಮುಂಚೆ ಕಾಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಂದಿನ ವರ್ಷ ಕಾಲು ಬೆಳ್ಳಗಾಗೋದನ್ನು ಕಾಯಬೇಡಿ, ಕಂಬಳಿ ಹೊರಗೆ ತೆಗೆದ ದಿನವೇ ಡಬ್ಬವನ್ನೂ ತೆಗೆಯಿರಿ. ಎಡಗಾಲಿನ ಆ ಜಾಗ ಹತ್ತು ದಿನದಲ್ಲಿ ಇಳಿಯದಿದ್ದರೆ ಇಲ್ಲಿ ಕೇಳೋದಕ್ಕಿಂತ ಮುಂಚೆ ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ.

ರಾತ್ರಿಪಾಳಿ

ನನ್ನ ಹೆಬ್ಬೆರಳೂ ಕೂಡಿಕೊಂಡಿದೆ. ಗುಂಡಿ ಹಾಕಲು ಬರ್ತಿದೆ.